ಅರ್ಧ ಬಾಟಲಿಯ ಪೋರ್ಟ್: ಇಬ್ಬರೇ ಕುಡಿಯುವ ಮನೆಯೊಂದರ ಪ್ರಕರಣ ಅಧ್ಯಯನ

ನಮ್ಮ ಮನೆಯಲ್ಲಿ ಪೋರ್ಟ್ ವೈನ್ ಕುಡಿಯುವವರು ಇಬ್ಬರೇ, ನಾನು ಮತ್ತು ನನ್ನ ಪತ್ನಿ. ರಾತ್ರಿ ಊಟ ಮುಗಿದ ಮೇಲೆ ತಲಾ ಒಂದು ಸಣ್ಣ ಲೋಟ, ಬಿಡುವಿನ ದಿನವಾದರೆ ಎರಡು. ಅದಕ್ಕಿಂತ ಹೆಚ್ಚು ಕುಡಿಯುವ ಅಭ್ಯಾಸ ನಮಗಿಲ್ಲ, ಅಪೇಕ್ಷೆಯೂ ಇಲ್ಲ. ನಮ್ಮ ಲೋಟ 60 ಮಿಲಿ ಲೀಟರಿನದು. ಈ ಲೆಕ್ಕದಲ್ಲಿ 750 ಮಿಲಿ ಲೀಟರಿನ ಒಂದು ಬಾಟಲಿ ಹನ್ನೆರಡು ಲೋಟವಾಗುತ್ತದೆ, ಅಂದರೆ ಇಬ್ಬರಿಗೆ ಸುಮಾರು ಐದಾರು ಸಂಜೆಗಳ ಬಾಬತ್ತು. ಬಾಟಲಿಯ ಬಿರಡೆ ತೆಗೆದ ಮೇಲೆ ಈ ಐದಾರು ಸಂಜೆಗಳಲ್ಲಿ ಒಳಗಿನ ವೈನ್‌ಗೆ ಏನಾಗುತ್ತದೆ, ಬಾಟಲಿ ಅರ್ಧ ಅಳತೆಯದಾಗಿದ್ದರೆ ಏನು ಬದಲಾಗುತ್ತಿತ್ತು ಎಂಬುದೇ ಈ ಅಧ್ಯಯನದ ವಸ್ತು.

ಇದಕ್ಕೆ ನಾಂದಿಯಾದದ್ದು 2000ನೇ ಇಸವಿಯ ಕೊಯ್ಲಿನ ಒಂದು ವಿಂಟೇಜ್ ಪೋರ್ಟ್, ಅಂದರೆ ಒಂದೇ ಒಳ್ಳೆಯ ವರ್ಷದ ದ್ರಾಕ್ಷಿಯಿಂದ ಮಾಡಿ ಬಾಟಲಿಯಲ್ಲಿಯೇ ಮಾಗಿಸುವ ಬಗೆ. ವರ್ಷಗಟ್ಟಲೆ ಮಲಗಿಸಿಟ್ಟಿದ್ದ ಬಾಟಲಿಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ, ಗಸಿಯೆಲ್ಲ ತಳಕ್ಕಿಳಿದ ಮೇಲೆ, ದೀಪದ ಬೆಳಕಿಗೆ ಕುತ್ತಿಗೆಯನ್ನು ಹಿಡಿದು ನಿಧಾನವಾಗಿ ಡಿಕ್ಯಾಂಟರ್‌ಗೆ, ಅಂದರೆ ವೈನ್ ಬಡಿಸುವ ಗಾಜಿನ ಹೂಜಿಗೆ, ಬಗ್ಗಿಸಿದೆ. ಕಪ್ಪು ಎಳೆಯೊಂದು ಕುತ್ತಿಗೆಯ ಕಡೆಗೆ ಹರಿದು ಬರುವುದು ಕಂಡೊಡನೆ ಕೈ ತಡೆದೆ. ತಳದಲ್ಲಿ ಉಳಿದದ್ದು ಸುಮಾರು 50 ಮಿಲಿ ಲೀಟರ್. ಆ ಸಂಜೆ ಇಬ್ಬರೂ ಎರಡೆರಡು ಲೋಟ ಕುಡಿದೆವು. ಪ್ಲಮ್ ಹಣ್ಣಿನ, ಒಣಗಿದ ಹೂವಿನ, ಹಳೆಯ ಮರದ ಪರಿಮಳ ಲೋಟದಿಂದ ಅಲೆಯಲೆಯಾಗಿ ಏಳುತ್ತಿತ್ತು. ಸಿಹಿಯ ಬೆನ್ನಿಗೇ ತೆಳುವಾದ ಒಗರು ಬಂದು ಬಾಯಿಯನ್ನು ಚೊಕ್ಕಗೊಳಿಸುತ್ತಿತ್ತು. ಎರಡನೆಯ ಸಂಜೆ ತಲಾ ಒಂದು ಲೋಟ ಕುಡಿದಾಗ ವೈನ್ ಚೆನ್ನಾಗಿಯೇ ಇತ್ತು, ಆದರೆ ಹೂವಿನ ಪರಿಮಳ ಎಷ್ಟು ಹುಡುಕಿದರೂ ಸಿಗಲಿಲ್ಲ. ಮೂರನೆಯ ಸಂಜೆ ಮದ್ಯಸಾರದ ಘಾಟು ಹಣ್ಣಿನಿಂದ ಬೇರ್ಪಟ್ಟು ಒಂಟಿಯಾಗಿ ನಿಂತಿತ್ತು. ಐದನೆಯ ಸಂಜೆ ಒಂದು ಗುಟುಕು ಕುಡಿದು ಇಬ್ಬರೂ ಲೋಟ ಕೆಳಗಿಟ್ಟೆವು. ಉಳಿದಿದ್ದ ಸುಮಾರು 200 ಮಿಲಿ ಲೀಟರ್ ಚೆಲ್ಲಬೇಕಾಯಿತು. ಗಸಿಯೊಡನೆ ಬಿಟ್ಟದ್ದನ್ನೂ ಸೇರಿಸಿದರೆ ಬಾಟಲಿಯ ಮೂರನೇ ಒಂದು ಪಾಲು ಬಾಯಿಗೆ ಬರಲಿಲ್ಲ. ಕುಡಿದ ಎಂಟು ಲೋಟಗಳಲ್ಲಿಯೂ ಆ ವೈನ್ ತನ್ನ ನಿಜವಾದ ಸ್ವರೂಪದಲ್ಲಿ ಇದ್ದದ್ದು ಮೊದಲ ನಾಲ್ಕರಲ್ಲಿ ಮಾತ್ರ. ಇಪ್ಪತ್ತು ವರ್ಷಕ್ಕೂ ಮೀರಿ ಕತ್ತಲೆಯಲ್ಲಿ ಕಾದು ಮಾಗಿದ ಒಂದು ವಸ್ತುವನ್ನು ಐದೇ ದಿನದಲ್ಲಿ ಹಾಳುಗೆಡವಿದ ಸಂಕಟ ನನ್ನನ್ನು ಬಹಳ ದಿನ ಬಿಡಲಿಲ್ಲ.

ಪೋರ್ಟ್ ಕೆಡುವುದಿಲ್ಲ ಎಂಬ ನಂಬಿಕೆ

ಅನೇಕರಂತೆ ನಾವೂ ಪೋರ್ಟ್ ತೆರೆದಿಟ್ಟರೂ ತಿಂಗಳುಗಟ್ಟಲೆ ಇರುತ್ತದೆ ಎಂದೇ ನಂಬಿದ್ದೆವು. ಈ ನಂಬಿಕೆಗೆ ಆಧಾರವೇ ಇಲ್ಲವೆಂದಲ್ಲ. ಪೋರ್ಚುಗಲ್ಲಿನ ಉತ್ತರ ಭಾಗದಲ್ಲಿರುವ ದೊರು ಕಣಿವೆಯ ದ್ರಾಕ್ಷಿಯಿಂದ ಮಾಡುವ ಈ ವೈನ್‌ನಲ್ಲಿ ಹುದುಗುವಿಕೆಯನ್ನು ಪೂರ್ತಿಯಾಗಲು ಬಿಡುವುದಿಲ್ಲ. ರಸದ ಸಕ್ಕರೆ ಅರ್ಧದಷ್ಟು ಕರಗುತ್ತಿರುವಾಗಲೇ ಶೇ. 77ರಷ್ಟು ಮದ್ಯಸಾರವಿರುವ ದ್ರಾಕ್ಷಿಯ ಸ್ಪಿರಿಟ್ ಅನ್ನು, ಸುಮಾರು ನಾಲ್ಕು ಪಾಲು ರಸಕ್ಕೆ ಒಂದು ಪಾಲಿನಂತೆ, ಬೆರೆಸುತ್ತಾರೆ. ಯೀಸ್ಟ್ ಸಾಯುತ್ತದೆ, ಸಿಹಿ ಉಳಿಯುತ್ತದೆ, ಮದ್ಯಸಾರ ಶೇ. 19ರಿಂದ 22ರ ನಡುವೆ ನಿಲ್ಲುತ್ತದೆ. ಇಷ್ಟು ಮದ್ಯಸಾರವಿರುವಲ್ಲಿ ವೈನ್ ಅನ್ನು ವಿನೆಗರ್ ಮಾಡುವ ಬ್ಯಾಕ್ಟೀರಿಯಾ ಬಾಳಲಾರದು. ಹೀಗಾಗಿ ಪೋರ್ಟ್ ಹುಳಿಯಾಗಿ ಕೆಡುವುದಿಲ್ಲ ಎಂಬುದು ನಿಜವೇ.

ಆದರೆ ಹುಳಿಯಾಗದಿರುವುದು ಬೇರೆ, ಸೊಗಸು ಉಳಿಯುವುದು ಬೇರೆ. ಪರಿಮಳವನ್ನು ಅಳಿಸುವುದು ಬ್ಯಾಕ್ಟೀರಿಯಾ ಅಲ್ಲ, ಗಾಳಿಯಲ್ಲಿರುವ ಆಮ್ಲಜನಕ. ಅದರ ಎದುರು ಮದ್ಯಸಾರದ ಕಾವಲು ನಡೆಯುವುದಿಲ್ಲ. ಪೋರ್ಟ್‌ನ ಬಗೆಬಗೆಗಳ ನಡುವಿನ ದೊಡ್ಡ ವ್ಯತ್ಯಾಸ ಇರುವುದೂ ಇಲ್ಲಿಯೇ. ಟಾನಿ ಪೋರ್ಟ್ ವರ್ಷಾನುಗಟ್ಟಲೆ ಮರದ ಪೀಪಾಯಿಯಲ್ಲಿ, ಮರದ ಸಂದುಗಳಿಂದ ಒಳಬರುವ ಗಾಳಿಯೊಡನೆ ಒಡನಾಡುತ್ತಲೇ ಮಾಗುತ್ತದೆ. ಅದರ ಅಕ್ರೋಟಿನ, ಒಣದ್ರಾಕ್ಷಿಯ ರುಚಿಯೂ, ಕೆಂಪು ಮಾಸಿ ಬರುವ ಕಂದು ಬಣ್ಣವೂ ಗಾಳಿ ಕೊಟ್ಟವೇ. ಬಾಟಲಿಯ ಬಿರಡೆ ತೆಗೆದಾಗ ಅದಕ್ಕೆ ಗಾಳಿ ಹೊಸ ಪರಿಚಯವಲ್ಲ. ವಿಂಟೇಜ್ ಪೋರ್ಟ್‌ನ ಬಾಳು ಇದಕ್ಕೆ ವಿರುದ್ಧವಾದದ್ದು. ಕೊಯ್ಲಾದ ಎರಡನೆಯ ಮತ್ತು ಮೂರನೆಯ ವರ್ಷದ ನಡುವೆ ಬಾಟಲಿಗೆ ಇಳಿದುಬಿಡುವ ಅದು, ಮುಂದಿನ ದಶಕಗಳನ್ನೆಲ್ಲ ಹೆಚ್ಚುಕಡಿಮೆ ಗಾಳಿಯ ಸೋಂಕಿಲ್ಲದೆ ಕಳೆಯುತ್ತದೆ. ಅಂಥದ್ದು ಒಮ್ಮೆಲೇ ಗಾಳಿಗೆ ಬಿದ್ದಾಗ ಮೊದಲ ಕೆಲವು ಗಂಟೆ ಅರಳುತ್ತದೆ, ಆಮೇಲೆ ಬೇಗನೆ ಬಾಡುತ್ತದೆ.

ಬಿರಡೆ ತೆಗೆದ ಮೇಲೆ ಯಾವುದು ಎಷ್ಟು ದಿನ ಬಾಳುತ್ತದೆ ಎಂಬ ಸಾಮಾನ್ಯ ತಿಳಿವಳಿಕೆಯೂ ಇದಕ್ಕೆ ಸರಿಹೊಂದುತ್ತದೆ. ವಿಂಟೇಜ್‌ಗೆ ಒಂದೆರಡು ದಿನ. ನಾಲ್ಕರಿಂದ ಆರು ವರ್ಷ ಕಳೆದು ಬಾಟಲಿಗಿಳಿಯುವ ಲೇಟ್ ಬಾಟಲ್ಡ್ ವಿಂಟೇಜ್‌ಗೆ, ಅಂದರೆ ಬಳಕೆಯ ಮಾತಿನ ಎಲ್‌ಬಿವಿಗೆ, ನಾಲ್ಕೈದು ದಿನ. ಎಳೆಯದಾಗಿಯೇ ಬಾಟಲಿಗಿಳಿಯುವ ಕೆಂಪು ಬಗೆಯಾದ ರೂಬಿಗೆ ಹತ್ತು ದಿನದ ಆಸುಪಾಸು. ಸಾಧಾರಣ ಟಾನಿಗೆ ಮೂರು ನಾಲ್ಕು ವಾರ. ಹತ್ತು, ಇಪ್ಪತ್ತು ವರ್ಷಗಳ ಟಾನಿಗೆ ಒಂದು ತಿಂಗಳಿಗೂ ಹೆಚ್ಚು. ನಮ್ಮ ಇಬ್ಬರ ವೇಗಕ್ಕೆ ಇದನ್ನು ಹೊಂದಿಸಿ ನೋಡಿದಾಗ ತೊಡಕು ತಾನಾಗಿ ಕಣ್ಣಿಗೆ ಬಿತ್ತು. ವಿಂಟೇಜ್ ಎರಡು ದಿನದಲ್ಲಿ ಮುಗಿಯಬೇಕು, ನಾವು ಆರು ದಿನ ತೆಗೆದುಕೊಳ್ಳುತ್ತೇವೆ. ವೈನ್‌ನದೂ ತಪ್ಪಿಲ್ಲ, ನಮ್ಮದೂ ತಪ್ಪಿಲ್ಲ. ಹೊಂದಿಕೆಯಾಗದೆ ಇದ್ದದ್ದು ಬಾಟಲಿಯ ಅಳತೆ.

ಒಂದೇ ವೈನ್, ಎರಡು ಅಳತೆ

ಊಹೆಯಲ್ಲಿ ನಿಲ್ಲದೆ ನೋಡೋಣವೆಂದು ಒಂದೇ ತಯಾರಕರ, ಒಂದೇ ವರ್ಷದ, ಶೋಧಿಸದ ಎಲ್‌ಬಿವಿಯನ್ನು ಒಂದು 750 ಮಿಲಿ ಲೀಟರಿನ ಬಾಟಲಿಯಲ್ಲಿಯೂ ಎರಡು 375 ಮಿಲಿ ಲೀಟರಿನ ಬಾಟಲಿಗಳಲ್ಲಿಯೂ ತಂದಿಟ್ಟೆವು. ಮೊದಲ ಸಂಜೆ ದೊಡ್ಡದನ್ನು ತೆರೆದು ನಾಲ್ಕು ಲೋಟ ಕುಡಿದು, ಬಿರಡೆ ಒತ್ತಿ, ಫ್ರಿಜ್ಜಿನಲ್ಲಿಟ್ಟೆವು. ಎರಡನೆಯ ಸಂಜೆ ಚಿಕ್ಕ ಬಾಟಲಿಯೊಂದನ್ನು ತೆರೆದು, ಯಾವ ಲೋಟದಲ್ಲಿ ಯಾವುದು ಎಂದು ಹೇಳದೆ, ಒಂದೇ ತಂಪಿನಲ್ಲಿ ಎರಡನ್ನೂ ಪತ್ನಿಯ ಮುಂದಿಟ್ಟೆ. ಅವರಿಗೆ ವ್ಯತ್ಯಾಸ ತಿಳಿಯಲಿಲ್ಲ. ಆಮೇಲೆ ಅವರು ಲೋಟಗಳನ್ನು ಅದಲುಬದಲು ಮಾಡಿ ನನಗೆ ಕೊಟ್ಟಾಗ ನನಗೂ ತಿಳಿಯಲಿಲ್ಲ. ಇದನ್ನು ಇಲ್ಲಿ ದಾಖಲಿಸುವುದು ಅಗತ್ಯವೆಂದು ಭಾವಿಸುತ್ತೇನೆ. ಒಂದೇ ದಿನದಲ್ಲಿ ಎಲ್ಲವೂ ಹಾಳಾಗುತ್ತದೆ ಎಂಬ ಮಾತು ಎಲ್‌ಬಿವಿಯ ಮಟ್ಟಿಗೆ ಅತಿಶಯೋಕ್ತಿ.

ಆರನೆಯ ಸಂಜೆ ಎರಡನೆಯ ಚಿಕ್ಕ ಬಾಟಲಿಯನ್ನು ತೆರೆದೆವು. ಈ ಸಲ ಕುಡಿಯುವವರೆಗೂ ಕಾಯಬೇಕಾಗಲಿಲ್ಲ. ಹೊಸದಾಗಿ ತೆರೆದ ವೈನ್‌ನ ಅಂಚು ಗಾಢ ನೇರಳೆಯಾಗಿತ್ತು, ಬ್ಲ್ಯಾಕ್‌ಬೆರಿ ಹಣ್ಣಿನ ವಾಸನೆ ಲೋಟ ಮೂಗಿನ ಹತ್ತಿರ ಬರುವ ಮೊದಲೇ ತಲುಪುತ್ತಿತ್ತು. ಇನ್ನೊಂದರಲ್ಲಿ ಬೇಯಿಸಿದ ಹಣ್ಣಿನ ಮಂದ ವಾಸನೆ, ನಾಲಿಗೆಯ ಮೇಲೆ ಬರೀ ಸಿಹಿ, ಕೊನೆಯಲ್ಲಿ ಗಂಟಲಿಗೆ ಬಿಸಿ. “ಎರಡೂ ಒಂದೇ ವೈನ್ ಅಂದ್ರೆ ನಂಬೋದು ಕಷ್ಟ ರೀ” ಎಂದು ಪತ್ನಿ ಹೇಳಿದ್ದನ್ನು ನನ್ನ ಟಿಪ್ಪಣಿಯಲ್ಲಿ ಹಾಗೆಯೇ ಬರೆದುಕೊಂಡಿದ್ದೇನೆ.

ಕಾರಣವನ್ನು ಅಂಕಿಗಳಲ್ಲಿಯೂ ನೋಡಬಹುದು. ದೊಡ್ಡ ಬಾಟಲಿಯಿಂದ ಅರ್ಧ ಕುಡಿದು ಬಿರಡೆ ಹಾಕಿದರೆ ಒಳಗೆ ಕನಿಷ್ಠ 375 ಮಿಲಿ ಲೀಟರ್ ಗಾಳಿ ಸೇರಿಕೊಂಡಿರುತ್ತದೆ. ಗಾಳಿಯಲ್ಲಿ ಶೇ. 21ರಷ್ಟು ಆಮ್ಲಜನಕವಿರುವುದರಿಂದ ಅದು ಸುಮಾರು 79 ಮಿಲಿ ಲೀಟರ್, ತೂಕದಲ್ಲಿ ಸುಮಾರು 105 ಮಿಲಿ ಗ್ರಾಂ. ಉಳಿದಿರುವ ವೈನ್‌ಗೆ ಇದನ್ನು ಹಂಚಿದರೆ ಲೀಟರಿಗೆ 280 ಮಿಲಿ ಗ್ರಾಂ ಆಯಿತು. ಇಷ್ಟೂ ಒಮ್ಮೆಲೇ ಕರಗುವುದಿಲ್ಲ, ನಿಜ. ಆದರೆ ವೈನ್ ಕರಗಿಸಿಕೊಂಡದ್ದನ್ನು ಬಳಸಿ ಮುಗಿಸಿದಂತೆಲ್ಲ ಮತ್ತೆ ಎಳೆದುಕೊಳ್ಳುವುದಕ್ಕೆ ದಾಸ್ತಾನು ತಲೆಯ ಮೇಲೆಯೇ ಇರುತ್ತದೆ, ಪ್ರತಿ ಸಲ ಬಿರಡೆ ತೆಗೆದಾಗ ಆ ದಾಸ್ತಾನು ಹೊಸದಾಗುತ್ತದೆ. ಅದೇ 375 ಮಿಲಿ ಲೀಟರ್ ವೈನ್ ತನ್ನದೇ ಚಿಕ್ಕ ಬಾಟಲಿಯಲ್ಲಿ ಕುತ್ತಿಗೆಯವರೆಗೆ ತುಂಬಿದ್ದು, ಬಿರಡೆಯ ಕೆಳಗೆ 5 ಮಿಲಿ ಲೀಟರ್ ಗಾಳಿ ಮಾತ್ರ ಇದ್ದರೆ, ಆಮ್ಲಜನಕ ಲೀಟರಿಗೆ ನಾಲ್ಕು ಮಿಲಿ ಗ್ರಾಂ ಕೂಡ ಆಗುವುದಿಲ್ಲ. ಫ್ರಿಜ್ಜಿನ ತಂಪು ಈ ಕ್ರಿಯೆಯನ್ನು ನಿಧಾನಗೊಳಿಸಬಲ್ಲದು, ನಿಲ್ಲಿಸಲಾರದು.

ಇದೇ ಲೆಕ್ಕ ಇನ್ನೊಂದು ಉಪಾಯವನ್ನೂ ಸೂಚಿಸಿತು. ಮುಂದಿನ ಸಲ ದೊಡ್ಡ ಬಾಟಲಿ ತೆರೆದಾಗ, ಮೊದಲ ಲೋಟ ಬಗ್ಗಿಸುವುದಕ್ಕೂ ಮುಂಚೆ, ಬಿಸಿನೀರಿನಲ್ಲಿ ತೊಳೆದು ಸೋಪಿನ ವಾಸನೆಯೂ ಇಲ್ಲದಂತೆ ಒಣಗಿಸಿಟ್ಟಿದ್ದ ಖಾಲಿ ಅರ್ಧ ಬಾಟಲಿಗೆ ವೈನ್ ಅನ್ನು ಗೋಡೆಗುಂಟ ಜಾರುವಂತೆ ಸುರಿದು, ಕಂಠಮಟ್ಟ ತುಂಬಿ, ಟಾನಿ ಬಾಟಲಿಗಳಲ್ಲಿ ಬರುವ ತೊಪ್ಪಿಗೆಯುಳ್ಳ ಬಿರಡೆಯನ್ನು ಒತ್ತಿ, ಫ್ರಿಜ್ಜಿನಲ್ಲಿಟ್ಟೆ. ಎಂಟು ದಿನಗಳ ನಂತರ ತೆಗೆದಾಗ ಹಣ್ಣು ಹಣ್ಣಾಗಿಯೇ ಇತ್ತು. ಪರಿಮಳದ ಮೇಲ್ಪದರ ಮಾತ್ರ ಸ್ವಲ್ಪ ಸವೆದಂತೆ ಅನ್ನಿಸಿತು. ಸುರಿಯುವ ಕ್ರಿಯೆಯಲ್ಲಿಯೇ ಸ್ವಲ್ಪ ಗಾಳಿ ಬೆರೆಯುವುದರಿಂದ ಅದು ಸಹಜ. ಗಸಿಯುಳ್ಳ ವಿಂಟೇಜ್ ಆದರೆ ಮೊದಲು ಗಸಿಯನ್ನು ಬೇರ್ಪಡಿಸಿ ಆಮೇಲೆ ತುಂಬಬೇಕಾಗುತ್ತದೆ, ಅಂದರೆ ಎರಡು ಸಲ ಸುರಿದಂತಾಯಿತು. ಹಳೆಯ ವೈನ್‌ಗೆ ಆ ಹೊಡೆತ ಕೊಡುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಅಲ್ಲಿ ತಯಾರಕರೇ ತುಂಬಿದ ಚಿಕ್ಕ ಬಾಟಲಿಗೆ ಸಾಟಿಯಾದದ್ದು ಇಲ್ಲ.

ಮುಗಿಸಿಬಿಡೋಣ ಎಂಬ ಒತ್ತಡ

ರುಚಿಯ ಮಾತಿನ ಜೊತೆಗೆ ನಮ್ಮ ಪ್ರಕರಣದಲ್ಲಿ ಇನ್ನೊಂದು ಸಂಗತಿ ಕಂಡುಬಂತು, ಮತ್ತು ನನ್ನ ಮಟ್ಟಿಗೆ ಇದರ ತೂಕ ಕಡಿಮೆಯದಲ್ಲ. ಆ ವಿಂಟೇಜ್ ಬಾಟಲಿ ತೆರೆದ ಸಂಜೆ, ನಾಳೆಗೆ ಇದು ಇಷ್ಟು ಚೆನ್ನಾಗಿರುವುದಿಲ್ಲ ಎಂಬ ಅರಿವಿನಿಂದ, ಇನ್ನೊಂದು ಲೋಟ ಹಾಕಿಕೊಳ್ಳೋಣವೇ ಎಂಬ ಮಾತು ಇಬ್ಬರ ಬಾಯಲ್ಲೂ ಬಂದಿತ್ತು. ಶೇ. 20ರ ಲೆಕ್ಕದಲ್ಲಿ 750 ಮಿಲಿ ಲೀಟರಿನ ಬಾಟಲಿಯಲ್ಲಿ 150 ಮಿಲಿ ಲೀಟರ್, ಅಂದರೆ ಸುಮಾರು 118 ಗ್ರಾಂ ಶುದ್ಧ ಮದ್ಯಸಾರವಿರುತ್ತದೆ. ನಮ್ಮ ಒಂದು ಲೋಟದಲ್ಲಿ ಒಂಬತ್ತೂವರೆ ಗ್ರಾಂ. ವ್ಯರ್ಥವಾಗದಿರಲಿ ಎಂದು ಎರಡು ಸಂಜೆಗಳಲ್ಲಿ ದೊಡ್ಡ ಬಾಟಲಿಯನ್ನು ಮುಗಿಸಹೊರಟರೆ ಒಬ್ಬೊಬ್ಬರ ಪಾಲಿಗೆ ದಿನಕ್ಕೆ ಮೂರು ಲೋಟ ಬೀಳುತ್ತದೆ. ವೈನ್ ಉಳಿಸುವ ಹೆಸರಿನಲ್ಲಿ ದೇಹಕ್ಕೆ ಬೇಡವಾದದ್ದನ್ನು ಹೇರುವುದು ಸರಿಯಲ್ಲ. 375 ಮಿಲಿ ಲೀಟರಿನ ಬಾಟಲಿಯಾದರೆ ಎರಡು ಸಂಜೆಗಳಲ್ಲಿ ದಿನಕ್ಕೆ ತಲಾ ಒಂದೂವರೆ ಲೋಟ. ಅದು ನಮ್ಮ ಅಭ್ಯಾಸದ ಮಿತಿಯೊಳಗೇ ಇದೆ, ವಿಂಟೇಜ್‌ನ ಆಯುಸ್ಸಿನ ಮಿತಿಯೊಳಗೂ ಇದೆ.

ಹಣದ ಲೆಕ್ಕವನ್ನೂ ಹಾಕಿದೆವು. ಗಾಜು, ಬಿರಡೆ, ಚೀಟಿ, ಕುತ್ತಿಗೆಗೆ ಅಂಟಿಸುವ ಪೋರ್ಚುಗಲ್ಲಿನ ಖಾತರಿ ಮುದ್ರೆ, ತುಂಬುವ ಶ್ರಮ ಯಾವುದೂ ಚಿಕ್ಕ ಬಾಟಲಿಗೆ ಅರ್ಧವಾಗುವುದಿಲ್ಲವಾದ್ದರಿಂದ ಅದರ ಬೆಲೆಯೂ ದೊಡ್ಡದರ ಸರಿಯರ್ಧಕ್ಕೆ ಇಳಿಯುವುದಿಲ್ಲ. ಉದಾಹರಣೆಗೆ ದೊಡ್ಡದರ ಬೆಲೆ ನೂರು ಪಾಲಾದರೆ ಚಿಕ್ಕದರದು ಅರವತ್ತು ಎಂದಿಟ್ಟುಕೊಳ್ಳೋಣ. ಆಗ ದೊಡ್ಡ ಬಾಟಲಿಯಲ್ಲಿ 125 ಮಿಲಿ ಲೀಟರ್ ಚೆಲ್ಲಿದೊಡನೆ ಎರಡರ ಲೆಕ್ಕ ಸಮವಾಗುತ್ತದೆ. ಅದು ಬರೀ ಎರಡು ಲೋಟ. ನಾವು ಚೆಲ್ಲಿದ್ದು ಮೂರಕ್ಕೂ ಹೆಚ್ಚು.

ಚಿಕ್ಕ ಬಾಟಲಿಯ ಮಿತಿಗಳು

ಇಷ್ಟೆಲ್ಲ ಹೇಳಿದ ಮೇಲೂ, ದಶಕಗಳ ಕಾಲ ಮಲಗಿಸಿಡಬೇಕಾದ ವೈನ್‌ಗೆ ಅರ್ಧ ಬಾಟಲಿಯನ್ನು ನಾನು ಸೂಚಿಸಲಾರೆ. ಎರಡೂ ಅಳತೆಯ ಬಾಟಲಿಗಳ ಕುತ್ತಿಗೆ ಹೆಚ್ಚುಕಡಿಮೆ ಒಂದೇ ಅಗಲದ್ದು. ಬಿರಡೆಯ ಮೂಲಕ ನುಸುಳುವ ಗಾಳಿಯೂ ಬಿರಡೆಯ ಕೆಳಗಿನ ಖಾಲಿ ಜಾಗವೂ ಹತ್ತಿರಹತ್ತಿರ ಅಷ್ಟೇ ಇದ್ದು, ಅದನ್ನು ಹಂಚಿಕೊಳ್ಳುವ ವೈನ್ ಅರ್ಧ ಮಾತ್ರ ಇರುತ್ತದೆ. ಹೀಗಾಗಿ ಅರ್ಧ ಬಾಟಲಿಯ ವಿಂಟೇಜ್ ಬೇಗ ಮಾಗುತ್ತದೆ, ಬೇಗ ಇಳಿಮುಖವಾಗುತ್ತದೆ, 1.5 ಲೀಟರಿನ ಮ್ಯಾಗ್ನಮ್ ನಿಧಾನವಾಗಿ ಮಾಗುತ್ತದೆ. ಅರ್ಧ ಬಾಟಲಿಗೆ ಅರ್ಧ ಕಾಲ ಎಂಬಂಥ ಸರಳ ಸೂತ್ರವೇನೂ ಇದರಲ್ಲಿಲ್ಲ. ಆದರೆ ಮೂವತ್ತು ವರ್ಷ ಕಾಯುವ ವಯಸ್ಸು ದಾಟಿದವರಿಗೆ ಈ ಅವಸರ ಒಂದು ಅನುಕೂಲವೇ ಆಗಬಹುದು ಎಂಬುದು ನನ್ನ ಅಭಿಪ್ರಾಯ. ಬಾಟಲಿಯ ರೂಪ ಪೋರ್ಟ್‌ನ ಹಣೆಬರಹವನ್ನು ಬದಲಿಸಿದ್ದು ಹೊಸದೂ ಅಲ್ಲ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಬಾಟಲಿಗಳು ಗುಜ್ಜಾಗಿ, ಹೊಟ್ಟೆ ಉಬ್ಬಿಕೊಂಡು ಇರುತ್ತಿದ್ದವು. ಶತಮಾನ ಉರುಳಿದಂತೆ ಅವು ಉದ್ದನೆಯ ಕೊಳವೆಯ ಆಕಾರ ತಾಳಿ, ಬಿರಡೆ ಒದ್ದೆಯಾಗಿರುವಂತೆ ಅಡ್ಡ ಮಲಗಿಸುವುದು ಸಾಧ್ಯವಾದ ಮೇಲೆಯೇ ವಿಂಟೇಜ್ ಪೋರ್ಟ್ ಅನ್ನು ಬಾಟಲಿಯಲ್ಲಿ ಮಾಗಿಸುವ ಪದ್ಧತಿ ಬೆಳೆದದ್ದು.

ಗಸಿಯ ವಿಷಯದಲ್ಲಿಯೂ ಚಿಕ್ಕ ಬಾಟಲಿಗೆ ಒಂದು ಕೊರತೆಯಿದೆ. ತಳದಲ್ಲಿ ಬಿಡಬೇಕಾದ ವೈನ್ ಅಳತೆಗೆ ತಕ್ಕಂತೆ ಅರ್ಧಕ್ಕಿಳಿಯುವುದಿಲ್ಲ. ಎಷ್ಟು ಜಾಗರೂಕತೆಯಿಂದ ಬಗ್ಗಿಸಿದರೂ ನನಗೆ 30ರಿಂದ 40 ಮಿಲಿ ಲೀಟರ್ ಹೋಗುತ್ತದೆ. ಲೀಟರಿಗೆ ತಗಲುವ ಗಾಜು ಹೆಚ್ಚು ಎಂಬ ಆಕ್ಷೇಪವೂ ನ್ಯಾಯವಾದದ್ದೇ, ಅದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ.

ಎಲ್ಲ ಬಗೆಗೂ ಚಿಕ್ಕ ಬಾಟಲಿ ಬೇಕೆಂಬುದೂ ನನ್ನ ವಾದವಲ್ಲ. ವಾರೆಸ್ ಸಂಸ್ಥೆಯ ಒಟಿಮಾ ಎಂಬ ಹತ್ತು ವರ್ಷದ ಟಾನಿ 500 ಮಿಲಿ ಲೀಟರಿನ ಬಿಳಿಗಾಜಿನ ಬಾಟಲಿಯಲ್ಲಿ ಬರುತ್ತದೆ. ಕೈಗೆ ಹಗುರ, ತಂಪಾಗುವುದು ಬೇಗ, ಮೇಜಿನ ಮೇಲೆ ಅದರ ಬಣ್ಣ ಕಣ್ಣಿಗೆ ಹಬ್ಬ. ಆದರೂ ತೆರೆದ ಮೇಲೆ ವಾರಗಟ್ಟಲೆ ಬಾಳುವ ಟಾನಿಗೆ ಚಿಕ್ಕ ಅಳತೆ ಒಂದು ಸೌಕರ್ಯ ಮಾತ್ರ. ತೆರೆದ ಮರುದಿನವೇ ಬಾಡಲು ತೊಡಗುವ ವಿಂಟೇಜ್‌ಗಾದರೆ ಅದು ಅನಿವಾರ್ಯ. ವಿಂಟೇಜ್ ತಯಾರಿಸುವ ಮನೆತನಗಳು ತಮ್ಮ ಒಳ್ಳೆಯ ವರ್ಷಗಳನ್ನು ಇನ್ನಷ್ಟು ಧಾರಾಳವಾಗಿ ಅರ್ಧ ಬಾಟಲಿಗಳಿಗೆ ತುಂಬಬೇಕು ಎಂದು ನಾನು ಮನಸಾರೆ ಬಯಸುವುದು ಇದೇ ಕಾರಣಕ್ಕೆ. ವಿಂಟೇಜ್ ದೊಡ್ಡ ಕೂಟಗಳ ಪಾನೀಯ, ಮೇಜಿನ ಸುತ್ತ ಹತ್ತು ಹನ್ನೆರಡು ಜನರ ಕೈದಾಟಿ ಒಂದೇ ರಾತ್ರಿಯಲ್ಲಿ ಮುಗಿಯುವಂಥದ್ದು ಎಂಬ ಹಳೆಯ ಕಲ್ಪನೆಯಲ್ಲಿ 750 ಮಿಲಿ ಲೀಟರಿಗೆ ಅರ್ಥವಿತ್ತು, ಅಂಥ ಕೂಟಗಳಲ್ಲಿ ಇಂದಿಗೂ ಇದೆ. ಇಬ್ಬರು ಎದುರುಬದುರು ಕೂತು ಕುಡಿಯುವ ಮನೆಗಳು ಆ ಕಲ್ಪನೆಯ ಹೊರಗೆ ಉಳಿದುಬಿಟ್ಟಿವೆ.

ಒಂದು ಮನೆ, ಎರಡು ನಾಲಿಗೆ, ಕೆಲವೇ ಬಾಟಲಿಗಳ ಮೇಲೆ ನಿಂತ ಈ ಅನುಭವವನ್ನು ಪ್ರಯೋಗಾಲಯದ ಫಲಿತಾಂಶದ ಜಾಗದಲ್ಲಿ ಇಡಲಾಗದು. ಆದರೆ ನಮ್ಮ ಮನೆಯ ವ್ಯವಸ್ಥೆಯನ್ನು ಅದು ಬದಲಿಸಿದೆ. ಟಾನಿ ಮಾತ್ರ ಪೂರ್ಣ ಬಾಟಲಿಯಲ್ಲಿ, ಫ್ರಿಜ್ಜಿನ ಬಾಗಿಲಲ್ಲಿ ಇರುತ್ತದೆ. ಎಲ್‌ಬಿವಿ ಅರ್ಧ ಬಾಟಲಿಯಲ್ಲಿ ಸಿಕ್ಕರೆ ಸರಿ, ಸಿಗದಿದ್ದರೆ ತೆರೆದ ಕ್ಷಣವೇ ಅರ್ಧವನ್ನು ಖಾಲಿ ಬಾಟಲಿಗೆ ವರ್ಗಾಯಿಸುತ್ತೇವೆ. ವಿಂಟೇಜ್‌ನ ದೊಡ್ಡ ಬಾಟಲಿಯನ್ನು ನಾಲ್ಕು ಜನರಾದರೂ ಸೇರುವ ದಿನಕ್ಕೆ ಮೀಸಲಿಟ್ಟಿದ್ದೇವೆ. ಹುಡುಕಿ ತಂದ ಒಂದು ಅರ್ಧ ಬಾಟಲಿಯ ವಿಂಟೇಜ್ ಅನ್ನು ಕಳೆದ ಸಲ ತೆರೆದೆವು. ಮೊದಲ ಸಂಜೆ ತಲಾ ಒಂದೂವರೆ ಲೋಟ, ಎರಡನೆಯ ಸಂಜೆ ಉಳಿದದ್ದು. ಡಿಕ್ಯಾಂಟರ್ ತೊಳೆಯುವ ಮುಂಚೆ ಪತ್ನಿ ಅದನ್ನು ಮೂಗಿಗೆ ಹಿಡಿದು ನನ್ನ ಕಡೆ ಚಾಚಿದರು, ಹೂವಿನ ಪರಿಮಳ ಇನ್ನೂ ಇತ್ತು.